ಕವರತ್ತಿಯ ಕಡಲ ನೀರಿನ ಪ್ಲಾಂಟ್: ಐದು ದಿನ ಕುಡಿದು ಬರೆದ ರಿವ್ಯೂ

ಲಕ್ಷದ್ವೀಪಕ್ಕೆ ಹೋದವರೆಲ್ಲ ಬೀಚ್, ಸ್ಕೂಬಾ, ರೆಸಾರ್ಟ್‌ಗೆ ರಿವ್ಯೂ ಹಾಕ್ತಾರೆ, ನಾನು ಹಾಕೋದು ಅಲ್ಲಿಯ ನಲ್ಲಿ ನೀರಿಗೆ, ಅಂದ್ರೆ ಕಡಲ ನೀರನ್ನೇ ಕುಡಿಯುವ ನೀರು ಮಾಡುವ ಪ್ಲಾಂಟಿನ ನೀರಿಗೆ. ಕವರತ್ತಿಯಲ್ಲಿ ಐದು ದಿನ ಇದ್ದೆ, ಐದೂ ದಿನ ಅದೇ ನೀರು ಕುಡಿದೆ, ಅದರಲ್ಲೇ ಮಾಡಿದ ಚಾ, ಅನ್ನ, ಮೀನು ಸಾರು. 5ಕ್ಕೆ 4 ಸ್ಟಾರ್. ಒಂದು ಯಾಕೆ ಕಟ್ ಮಾಡಿದೆ ಅಂತ ಕೆಳಗೆ ಹೇಳ್ತೇನೆ.

ನಮ್ಮ ಮಾವ ಮಂಗಳೂರು ಹಳೇ ಬಂದರಿನಲ್ಲಿ ಉರುವಿಗೆ (ಮರದ ಸರಕು ಹಡಗು) ಸಾಮಾನು ಲೋಡ್ ಮಾಡಿಸ್ತಾ ಇದ್ದವರು. ಅಕ್ಕಿ, ತರಕಾರಿ, ಸಿಮೆಂಟ್ ಎಲ್ಲ ಇಲ್ಲಿಂದ ದ್ವೀಪಕ್ಕೆ ಹೋಗೋದು, ಅಲ್ಲಿಂದ ಕೊಬ್ಬರಿ, ಒಣಮೀನು ಬರೋದು. ಸುಮಾರು ಜನರಿಗೆ ಗೊತ್ತಿಲ್ಲ, 1956ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಲ್ಲ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದು. ಮಾವ ಎರಡು ಮೂರು ಸಲ ಉರುವಿನಲ್ಲೇ ಹೋಗಿ ಬಂದಿದ್ರು, ದ್ವೀಪದ ಸುದ್ದಿ ಬಂದಾಗೆಲ್ಲ ಹೇಳ್ತಿದ್ದದ್ದು ಒಂದೇ, "ಎಲ್ಲ ಉಂಟು ಮಾರಾಯ, ಬೇಸಿಗೆಯಲ್ಲಿ ಬಾಯಿಗೆ ಹಾಕುವಂಥ ನೀರಿಲ್ಲ."

ಅದು ಯಾಕೆ ಅಂದ್ರೆ ಅವು ಹವಳದ ದ್ವೀಪಗಳು, ಹೊಳೆ ಇಲ್ಲ, ಕೆರೆ ಇಲ್ಲ. ಮಳೆ ನೀರು ಮರಳಿನೊಳಗೆ ಇಳಿದು ಅಡಿಯ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಂತಿರ್ತದೆ ಅಷ್ಟೆ, ಬಾವಿಗೆ ಪಂಪ್ ಇಟ್ಟು ಜಾಸ್ತಿ ಎಳೆದ್ರೆ ಕೆಳಗಿನ ಉಪ್ಪು ಮೇಲೆ ಬರ್ತದೆ, ಮನೆ ಒತ್ತೊತ್ತಾಗಿ ಇರೋದ್ರಿಂದ ಶೌಚದ ಗುಂಡಿಯ ನೀರೂ ಅದಕ್ಕೇ ಸೇರ್ತದೆ. ನಾನಿದ್ದ ಮನೆಯ ಅಮ್ಮ ಎರಡು ನೀರೂ ತೋರಿಸಿದ್ರು. ಬಾವಿ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ, ಉಗುರಲ್ಲಿ ಕೆರೆದ್ರೂ ಬರೋದಿಲ್ಲ. ಆ ನೀರಲ್ಲಿ ಬೇಳೆ ಎಷ್ಟು ಹೊತ್ತಾದ್ರೂ ಬೇಯೋದಿಲ್ಲ, ಸಾಬೂನು ನೊರೆ ಬರೋದಿಲ್ಲ ಅಂದ್ರು. ಪ್ಲಾಂಟ್ ನೀರು ಕಾಯಿಸುವ ಪಾತ್ರೆ ಹೊಸದರ ಹಾಗೇ ಇತ್ತು. ಬಾವಿ ನೀರು ಸ್ನಾನಕ್ಕೆ, ಬಟ್ಟೆಗೆ, ಪ್ಲಾಂಟ್ ನೀರು ಮುಚ್ಚಳ ಹಾಕಿದ ಕೊಡದಲ್ಲಿ ಅಡುಗೆ ಮನೆಯ ಒಳಗೆ.

ರುಚಿ? ಮೊದಲ ಗುಟುಕಿಗೆ ಸ್ವಲ್ಪ ಸಪ್ಪೆ ಅನ್ನಿಸ್ತದೆ, ಆವಿಯಿಂದ ಮಾಡಿದ ನೀರಲ್ವಾ. ಉಪ್ಪು ಚೂರೂ ಇಲ್ಲ, ವಾಸನೆ ಇಲ್ಲ. ಚಾ ಮಾತ್ರ ಫಸ್ಟ್ ಕ್ಲಾಸ್ ಆಗ್ತದೆ. ಎರಡನೇ ದಿನದಿಂದ ಬಾಟಲಿ ನೀರು ನೆನಪೇ ಆಗ್ಲಿಲ್ಲ.

ಇದನ್ನು ಮಾಡಿದ್ದು ಚೆನ್ನೈನ ಎನ್‌ಐಓಟಿ, ಕೇಂದ್ರ ಸರ್ಕಾರದ ಸಮುದ್ರ ತಂತ್ರಜ್ಞಾನ ಸಂಸ್ಥೆ. 2005ರಲ್ಲಿ ಶುರುವಾಯ್ತು, ದಿನಕ್ಕೆ 1 ಲಕ್ಷ ಲೀಟರ್. ನಾವು ಆರ್‌ಓ ಅಂತ ಮನೆಯಲ್ಲಿ ಹಾಕ್ತೇವಲ್ಲ, ಇದು ಆ ಥರದ್ದಲ್ಲ, ಫಿಲ್ಟರೇ ಇಲ್ಲ. ಗುಡ್ಡದ ಮೇಲೆ ಗಾಳಿಯ ಒತ್ತಡ ಕಡಿಮೆ ಇರೋದ್ರಿಂದ ನೀರು ಬೇಗ ಕುದೀತದೆ ಅಲ್ವಾ, ಹಾಗೇ ದೊಡ್ಡ ಟ್ಯಾಂಕಿಯಿಂದ ಗಾಳಿ ಎಳೆದು ತೆಗೆದ್ರೆ ಒಳಗೆ ಬಿಟ್ಟ ಮೇಲ್ಗಡಲಿನ 28 ಡಿಗ್ರಿಯ ನೀರು ಬೆಂಕಿ ಇಲ್ಲದೆಯೇ ಆವಿ ಆಗ್ತದೆ. ಆ ಆವಿಯನ್ನು ಹನಿ ಮಾಡ್ಲಿಕ್ಕೆ ತಂಪು ಬೇಕು, ಅದಕ್ಕೆ ಸುಮಾರು 350 ಮೀಟರ್ ಆಳದಿಂದ 12-13 ಡಿಗ್ರಿಯ ನೀರನ್ನು ಪೈಪಲ್ಲಿ ಮೇಲೆ ತರ್ತಾರೆ. ಅನ್ನದ ಪಾತ್ರೆ ಮುಚ್ಚಳದ ಒಳಗೆ ಹನಿ ಕಟ್ಟಿದ ಹಾಗೆ, ಅಷ್ಟೇ ವಿಷಯ. ಅಷ್ಟು ಆಳ ದಡದ ಹತ್ತಿರವೇ ಸಿಗೋದ್ರಿಂದ ಇದು ಸಾಧ್ಯ ಆಯ್ತು, ನಮ್ಮ ಮಲ್ಪೆ, ಪಣಂಬೂರಿನಲ್ಲಿ ಅಷ್ಟು ಆಳ ಬೇಕಂದ್ರೆ ತುಂಬ ದೂರ ಹೋಗ್ಬೇಕು.

ಪ್ಲಾಂಟ್ ಒಳಗೆ ಅನುಮತಿ ಕೇಳಿ ಹೋಗಿದ್ದೆ. ಹೊರಗೆ ಸುಡು ಬಿಸಿಲು, ಅಂಗಿ ಬೆನ್ನಿಗೆ ಅಂಟಿಕೊಂಡಿದೆ, ಆದ್ರೆ ಆಳದ ನೀರು ಬರುವ ಪೈಪ್ ಮಾತ್ರ ಮೈಯೆಲ್ಲ ಬೆವತು ಹನಿ ತೊಟ್ಟಿಕ್ಕಿಸ್ತಾ ಇತ್ತು. ಕೈ ಇಟ್ಟೆ, ಫ್ರಿಜ್‌ನಿಂದ ಆಗ ತಾನೇ ತೆಗೆದ ಬಾಟಲಿಯ ಹಾಗೆ. ಬಿಸಿಲೇ ಕಾಣದ ಕಡಲಿನ ತಂಪು ಅದು ಅಂತ ಯೋಚಿಸಿ ಸ್ವಲ್ಪ ಹೊತ್ತು ಕೈ ತೆಗೀಲಿಕ್ಕೇ ಮನಸ್ಸಾಗ್ಲಿಲ್ಲ. ಇನ್ನೊಂದು ನನಗೆ ಖುಷಿ ಆದದ್ದು, ಒಳಗೆ ಬಂದ ನೀರಲ್ಲಿ ಆವಿ ಆಗೋದು ತೀರಾ ಸ್ವಲ್ಪ ಪಾಲು, ಹಾಗಾಗಿ ವಾಪಸ್ ಕಡಲಿಗೆ ಬಿಡುವ ನೀರು ಹೆಚ್ಚು ಕಡಿಮೆ ಕಡಲ ನೀರೇ, ಆರ್‌ಓ ಪ್ಲಾಂಟಿನ ಹಾಗೆ ಗಟ್ಟಿ ಉಪ್ಪು ನೀರು ಹವಳದ ಮೇಲೆ ಬೀಳೋದಿಲ್ಲ.

ಈಗ ಆ ಕಟ್ ಆದ ಸ್ಟಾರ್. ಪಂಪ್ ಓಡ್ಲಿಕ್ಕೆ ಕರೆಂಟ್ ಬೇಕು, ದ್ವೀಪದ ಕರೆಂಟ್ ಬಹುಪಾಲು ಡೀಸೆಲ್ ಜನರೇಟರಿಂದು, ಆ ಡೀಸೆಲ್ ನಾನೂರು ಕಿಲೋಮೀಟರ್ ಆಚೆಯಿಂದ ಹಡಗಲ್ಲಿ ಬರ್ಬೇಕು. ಸೋಲಾರ್ ಉಂಟು, ಆದ್ರೆ ರಾತ್ರಿ ಮತ್ತು ಜೂನ್-ಜುಲೈ ಮೋಡಕ್ಕೆ ಅದನ್ನೇ ನಂಬಿ ಕೂತ್ಕೊಳ್ಲಿಕ್ಕೆ ಆಗೋದಿಲ್ಲ. ಅದೇ ಬಿಸಿ ನೀರು ಮತ್ತು ತಂಪು ನೀರಿನ ವ್ಯತ್ಯಾಸದಿಂದ ಟರ್ಬೈನ್ ತಿರುಗಿಸಿ ಕರೆಂಟನ್ನೂ ಮಾಡಬಹುದು, ಅದಕ್ಕೆ ಓಟೆಕ್ ಅಂತಾರೆ, ಹಗಲು ರಾತ್ರಿ ಮಳೆ ಬಿಸಿಲು ಅಂತ ಇಲ್ಲ. ಕವರತ್ತಿಯಲ್ಲೇ 65 ಕಿಲೋವ್ಯಾಟಿನ ಓಟೆಕ್ ಕಟ್ಟೋ ಕೆಲಸ ಎನ್‌ಐಓಟಿ ಕೈಗೆತ್ತಿಕೊಂಡಿದೆ, ಅದರ ಕರೆಂಟಿಂದ ಇನ್ನೂ 1 ಲಕ್ಷ ಲೀಟರ್ ನೀರು ಮಾಡುವ ಲೆಕ್ಕಾಚಾರ. ಸುಲಭದ ಕೆಲಸ ಅಲ್ಲ. ಸಿಗುವ ಶಾಖದಲ್ಲಿ ಮೂರು ಪರ್ಸೆಂಟ್ ಆಸುಪಾಸು ಮಾತ್ರ ಕರೆಂಟ್ ಆಗೋದು, ಹಿಂದೆ ತಮಿಳುನಾಡಿನ ಕಡಲಲ್ಲಿ 1 ಮೆಗಾವ್ಯಾಟಿನ ಸಾಗರ ಶಕ್ತಿ ಅಂತ ತೇಲುವ ಪ್ಲಾಂಟ್ ಮಾಡ್ಲಿಕ್ಕೆ ಹೊರಟು ಉದ್ದದ ಪೈಪನ್ನು ಇಳಿಸ್ಲಿಕ್ಕೇ ಆಗದೆ ಅದು ಅಲ್ಲಿಗೇ ನಿಂತಿತು. ಆದ್ರೂ ಅದೇ ಸಂಸ್ಥೆ ಪೈಪಿನ ವಿದ್ಯೆ ಕಲಿತು ಇಲ್ಲಿ ನೀರು ಕೊಟ್ಟಿದೆ, 2011ರಲ್ಲಿ ಮಿನಿಕಾಯ್, ಅಗತ್ತಿ ದ್ವೀಪಗಳಿಗೆ, ಆಮೇಲೆ ಕಲ್ಪೇನಿಯಲ್ಲಿ ದಿನಕ್ಕೆ 1.5 ಲಕ್ಷ ಲೀಟರಿನದ್ದು. ಅದಕ್ಕೇ ನನಗೆ ನಂಬಿಕೆ ಉಂಟು. ಡೀಸೆಲ್ ಬೇಡವೇ ಬೇಡ ಅಂತಾದ ದಿನ ಈ ರಿವ್ಯೂ ತಿದ್ದಿ ಐದು ಮಾಡ್ತೇನೆ.

ನೀರು ಸಾಕಾಗ್ತದಾ ಅಂತ ಕೇಳಿದ್ರೆ, 2011ರ ಜನಗಣತಿ ಪ್ರಕಾರ ಕವರತ್ತಿಯಲ್ಲಿ 11 ಸಾವಿರದಷ್ಟು ಜನ, ದಿನದ 1 ಲಕ್ಷ ಲೀಟರನ್ನು ಭಾಗಿಸಿದ್ರೆ ತಲೆಗೆ ಸುಮಾರು 9 ಲೀಟರ್. ಕುಡಿಯೋದು, ಬೇಯಿಸೋದು ಆಗ್ತದೆ, ಬಕೆಟ್ ಬಕೆಟ್ ಚೆಲ್ಲುವಂತಿಲ್ಲ. ಆದ್ದರಿಂದ ಹೋಗೋರು ದಯವಿಟ್ಟು ಅಡುಗೆ ಮನೆಯ ಕೊಡದಿಂದ ಕಾಲು ತೊಳೀಬೇಡಿ, ನಮ್ಮ ಜೊತೆ ಬಂದವರೊಬ್ಬರು ಹಾಗೆ ಮಾಡಿದ್ರು, ನನಗೇ ನಾಚಿಕೆ ಆಯ್ತು. ಪರ್ಮಿಟ್ ಮೊದಲೇ ಮಾಡಿಸಿ. ಒಬ್ಬ ಟ್ರಾವೆಲ್ಸ್‌ನವ ಪ್ಲಾಂಟ್ ನೋಡೋದೂ ಪ್ಯಾಕೇಜಲ್ಲೇ ಉಂಟು ಅಂತ ದುಡ್ಡು ತಕೊಂಡು ಕೊನೆಗೆ ಕೈ ಎತ್ತಿದ, ಹಾಗಾಗಿ ಅಂಥ ಮಾತು ನಂಬದೆ ಅಲ್ಲಿ ಹೋಗಿ ನೀವೇ ಕೇಳಿ. ಸ್ಟೀಲ್ ಬಾಟಲಿ ತಕೊಂಡು ಹೋಗಿ, ಪ್ಲಾಸ್ಟಿಕ್ ಕಸ ಅಲ್ಲಿಂದ ಹೊರಗೆ ಸಾಗಿಸೋದೇ ದೊಡ್ಡ ಕಷ್ಟ.

ನನ್ನ ಬಾಟಲಿ ತುಂಬಿಸಿ ಮಾವನಿಗೆ ಅಂತ ಊರಿಗೆ ತಂದೆ. ಅವರು ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ರು, ನುಂಗಿ, "ಇದು ಅಲ್ಲಿಯದ್ದೇನಾ?" ಅಂತ ಎರಡು ಸಲ ಕೇಳಿದ್ರು.