ಮಲೆನಾಡಿನವರ ಕಣ್ಣಲ್ಲಿ ಹವಾಯಿಯ ಹಿಲೊ ಪಟ್ಟಣ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಕಡೆಯ ಹಿರಿಯರು ಈಚೆಗೆ ಹವಾಯಿ ದ್ವೀಪಗಳನ್ನೂ ನೋಡಿಕೊಂಡು ಬರುತ್ತಿದ್ದಾರೆ. ತೀರ್ಥಹಳ್ಳಿ, ಕೊಪ್ಪದ ಮದುವೆಮನೆಗಳಲ್ಲಿ ಊಟದ ಪಂಕ್ತಿಗೆ ಕಾಯುವಾಗ ಕಿವಿಗೆ ಬೀಳುವುದು ಹೆಚ್ಚಾಗಿ ಹೊನೊಲುಲು ನಗರ ಮತ್ತು ವೈಕೀಕಿ ಕಡಲತೀರದ ವರ್ಣನೆ. ಸಿಯಾಟಲ್‌ನಲ್ಲಿರುವ ಮಗ ನಮ್ಮಿಬ್ಬರನ್ನು ಕರೆದೊಯ್ದದ್ದು ಅಲ್ಲಿಗಲ್ಲ. ಹೊನೊಲುಲುವಿನಿಂದ ವಿಮಾನದಲ್ಲಿ ಮುಕ್ಕಾಲು ಗಂಟೆಯ ಆಸುಪಾಸಿನ ದೂರದಲ್ಲಿರುವ, ‘ದೊಡ್ಡ ದ್ವೀಪ’ದ ಪೂರ್ವ ಕರಾವಳಿಯ ಹಿಲೊ ಎಂಬ ಊರಿಗೆ. 44 ಸಾವಿರ ಜನರ ಊರು, ನಮ್ಮ ಸಾಗರಕ್ಕಿಂತ ದೊಡ್ಡದೇನಲ್ಲ. ಅಲ್ಲಿ ನಾಲ್ಕು ದಿನ ಇದ್ದು ಬಂದಿದ್ದೇನೆ. ಹೋಗಬೇಕೆಂದಿರುವವರಿಗೆ ಯಾವುದು ನೋಡತಕ್ಕದ್ದು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದನ್ನು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಮಳೆಯ ವಿಷಯ. ಪ್ರವಾಸಿಗರು ಹಿಲೊವನ್ನು ದೂರವಿಡುವುದಕ್ಕೆ ಮುಖ್ಯ ಕಾರಣವೇ ಮಳೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ನಾಲ್ಕು ಸಾವಿರ ಮೀಟರಿಗೂ ಎತ್ತರದ ಮೌನಾ ಕೆಯಾ ಮತ್ತು ಮೌನಾ ಲೋವಾ ಪರ್ವತಗಳಿಗೆ ತಡೆದು ನೀರೆಲ್ಲವನ್ನೂ ಈ ಮಗ್ಗುಲಲ್ಲೇ ಸುರಿದುಬಿಡುತ್ತವೆ. ಇದೇ ದ್ವೀಪದ ಪಶ್ಚಿಮದಲ್ಲಿರುವ ಕೋನಾದಲ್ಲಿ ಬಿಸಿಲು ಸುಡುತ್ತಿರುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹೊಡೆಯುವಾಗ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಒಣಬಿಸಿಲು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಿಲೊದ ವಾರ್ಷಿಕ ಮಳೆ 3,000 ಮಿಲಿಮೀಟರ್‌ಗಿಂತ ತುಸು ಹೆಚ್ಚು, ಅಂದರೆ ಆಗುಂಬೆಯ ಅರ್ಧಕ್ಕಿಂತಲೂ ಕಡಿಮೆ. ಆದರೆ ನಮ್ಮಲ್ಲಿ ಆರಿದ್ರೆಯಿಂದ ಮಘೆಯವರೆಗೆ ಒಂದೇ ಸಮನೆ ಹೊಯ್ಯುವುದನ್ನು ಅಲ್ಲಿ ಹನ್ನೆರಡು ತಿಂಗಳಿಗೆ ಹಂಚಿದ್ದಾರೆ, ಅದರಲ್ಲೂ ದೊಡ್ಡ ಪಾಲು ರಾತ್ರಿಯ ಹೊತ್ತಿಗೆ. ಬೆಳಿಗ್ಗೆ ಎದ್ದಾಗ ರಸ್ತೆ ತೊಳೆದಿಟ್ಟಂತಿರುತ್ತದೆ. ಹತ್ತು ಗಂಟೆಗೆ ಒಂದು ಹನಿಮಳೆ ಬಂದು ಹೋಗುತ್ತದೆ. ಇಷ್ಟಕ್ಕೆಲ್ಲ ಹೆದರುವುದು ಮಲೆನಾಡಿನವರಿಗೆ ಶೋಭಿಸುವುದಿಲ್ಲ.

ನನ್ನ ಮಟ್ಟಿಗೆ ಊರಿನ ತಿರುಳು ಇರುವುದು ಕಾಮೆಹಾಮೆಹಾ ಅವೆನ್ಯೂ ಮತ್ತು ಮಾಮೊ ಬೀದಿ ಕೂಡುವ ಮೂಲೆಯಲ್ಲಿ ಸೇರುವ ರೈತರ ಸಂತೆಯಲ್ಲಿ. 1988ರಲ್ಲಿ ಬೆರಳೆಣಿಕೆಯ ರೈತರು ಆರಂಭಿಸಿದ ಈ ಸಂತೆ ಇಂದು ಬಹಳ ದೊಡ್ಡದಾಗಿ ಬೆಳೆದಿದೆ. ಉಳಿದ ದಿನಗಳಲ್ಲಿ ಅಂಗಡಿಗಳು ಕೆಲವೇ ಇರುವುದರಿಂದ ಬುಧವಾರ ಅಥವಾ ಶನಿವಾರ ಬೆಳಿಗ್ಗೆಯೇ ಹೋಗಬೇಕು. ಪರದೇಶದ ಮಾರುಕಟ್ಟೆಯೆಂದು ಹೋದ ನಮಗೆ ಸಿಕ್ಕಿದ್ದು ನಮ್ಮದೇ ಹಿತ್ತಿಲು: ಪರಂಗಿ, ಶುಂಠಿ, ಅರಿಶಿನ, ರಾಂಬುಟಾನ್, ಜೀಗುಜ್ಜೆ, ಪುಟ್ಟಬಾಳೆಯಂತೆ ತುಸು ಹುಳಿಬೆರೆತ ಸಣ್ಣ ಬಾಳೆಹಣ್ಣು. ಒಂದು ಮೇಜಿನ ಮೇಲೆ ಕೆಸುವಿನ ಎಲೆಗಳನ್ನು ಕಟ್ಟುಕಟ್ಟಾಗಿ ಜೋಡಿಸಿಟ್ಟಿದ್ದರು. ನನ್ನ ಹೆಂಡತಿ ಒಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದು, ಹಿಂಬದಿಯ ನಾರನ್ನು ಉಗುರಿನಿಂದ ಮೀಟಿ ನೋಡಿ, “ಇದು ಮರಗೆಸ ಅಲ್ಲ, ಗದ್ದೆಯ ಕೆಸ. ಪತ್ರೊಡೆಗೆ ಅಡ್ಡಿಯಿಲ್ಲ, ಹುಳಿ ಮಾತ್ರ ಜೋರಾಗಿ ಬೀಳಬೇಕು” ಎಂದು ತೀರ್ಪು ಕೊಟ್ಟಳು. ಎಲೆ ಮಾರುತ್ತಿದ್ದ ಅಜ್ಜಿಗೆ ಮಾತು ತಿಳಿಯಲಿಲ್ಲವಾದರೂ ಕೈಯ ಪರೀಕ್ಷೆ ತಿಳಿಯಿತು. ತಾನೂ ಗಂಟಲು ಕೆರೆದುಕೊಂಡು ತೋರಿಸಿ ನಕ್ಕಳು. ಅಲ್ಲಿ ತುರಿಕೆ ಕಳೆಯಲು ಹುಣಸೆಹಣ್ಣಾಗಲಿ ವಾಟೆಹುಳಿಯಾಗಲಿ ಹಾಕುವುದಿಲ್ಲ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸುತ್ತಾರೆ.

ಈ ಕೆಸುವಿಗೆ ಅವರ ಭಾಷೆಯಲ್ಲಿ ‘ಕಾಲೊ’ ಎಂದು ಹೆಸರು. ಅವರ ಪುರಾಣದಲ್ಲಿ ಅದು ಮನುಷ್ಯಕುಲಕ್ಕೆ ಅಣ್ಣ. ಸತ್ತು ಹುಟ್ಟಿದ ಮೊದಲ ಮಗುವನ್ನು ಹೂಳಿದಲ್ಲಿ ಕೆಸು ಚಿಗುರಿತು, ಆಮೇಲೆ ಹುಟ್ಟಿದ ಮಗುವಿನಿಂದ ಜನ ಬೆಳೆದರು ಎನ್ನುತ್ತಾರೆ. ಗಡ್ಡೆಯನ್ನು ಬೇಯಿಸಿ, ಕುಟ್ಟಿ, ನೀರು ಬೆರೆಸಿ ಮಾಡುವ ನೇರಳೆ ಮಿಶ್ರಿತ ಬೂದುಬಣ್ಣದ ‘ಪೊಯ್’ ಎಂಬ ಅಂಬಲಿಯನ್ನು ನಾನು ತಿಂದು ನೋಡಿದೆ. ಒಂದೆರಡು ದಿನ ಹುಳಿಬಂದದ್ದಾದರೆ ಚೆನ್ನ, ತಾಜಾ ಇದ್ದರೆ ಸಪ್ಪೆ. ಜೊತೆಗೊಂದು ಮಾವಿನ ಮಿಡಿ ಇದ್ದಿದ್ದರೆ ಎಂದು ಅನ್ನಿಸದೆ ಇರಲಿಲ್ಲ.

ಸಸ್ಯಾಹಾರಿಗಳಿಗೆ ಹಿಲೊದ ಹೋಟೆಲುಗಳು ಕಷ್ಟವೆಂದೇ ಹೇಳಬೇಕು. ಅನ್ನ ಎಲ್ಲೆಲ್ಲಿಯೂ ಸಿಗುತ್ತದೆ, ಅದರ ಮೇಲೆ ಮಾಂಸವಿಲ್ಲದಿರುವುದು ಅಪರೂಪ. ಈ ಊರಿನಲ್ಲೇ ಹುಟ್ಟಿತೆಂದು ಹೇಳಲಾಗುವ ‘ಲೊಕೊ ಮೊಕೊ’ ಎಂದರೆ ಅನ್ನ, ಅದರ ಮೇಲೆ ದನದ ಮಾಂಸದ ವಡೆ, ಮೇಲೊಂದು ಮೊಟ್ಟೆ, ಎಲ್ಲದರ ಮೇಲೂ ಗೊಜ್ಜು. ಮಗ ಇಷ್ಟಪಟ್ಟು ತಿಂದ. ನಾವು ಸಂತೆಯ ಹಣ್ಣು, ಜಪಾನಿಯರ ಅಕ್ಕಿಯ ಸಿಹಿಯುಂಡೆ ‘ಮೋಚಿ’, ಕೋಣೆಯಲ್ಲೇ ಬೇಯಿಸಿಕೊಂಡ ಗಂಜಿ ಇವುಗಳಲ್ಲಿ ದಿನ ಕಳೆದೆವು.

ಜಲಪಾತಗಳ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಾರದು. ಊರೊಳಗೇ ಇರುವ ವಾಯಾನುಯೆನುಯೆ, ಅಂದರೆ ಕಾಮನಬಿಲ್ಲಿನ ನೀರು, ಸುಮಾರು 80 ಅಡಿ ಎತ್ತರದ್ದು. ಪ್ರವೇಶ ಶುಲ್ಕವಿಲ್ಲ, ವಾಹನ ನಿಲ್ಲಿಸಿದಲ್ಲಿಂದ ನಾಲ್ಕು ಹೆಜ್ಜೆಗೆ ಕಾಣುತ್ತದೆ. ಬಿಸಿಲಿದ್ದ ಬೆಳಗಿನಲ್ಲಿ ತುಂತುರಿನಲ್ಲಿ ಕಾಮನಬಿಲ್ಲು ನಿಲ್ಲುವುದು ನಿಜ. ಉತ್ತರಕ್ಕೆ ಅರ್ಧ ಗಂಟೆಯ ದಾರಿಯಲ್ಲಿರುವ ಆಕಾಕಾ 442 ಅಡಿಯಿಂದ ಒಂದೇ ಧಾರೆಯಾಗಿ ಬೀಳುತ್ತದೆ. ಅಲ್ಲಿ ಹೊರಗಿನವರಿಂದ ಶುಲ್ಕ ಪಡೆಯುತ್ತಾರೆ, ವಾಹನ ನಿಲ್ಲಿಸುವುದಕ್ಕೆ ಬೇರೆ. ಚೆಲುವಾಗಿಯೇ ಇವೆ. ಆದರೆ 830 ಅಡಿಯ ಜೋಗವನ್ನು ತುಂಬು ಮಳೆಗಾಲದಲ್ಲಿ ನೋಡಿದವರಿಗೆ ಅವಸರಪಡಬೇಕಾದ ಕಾರಣ ಕಾಣುವುದಿಲ್ಲ. ನಾನು ಮೆಚ್ಚಿದ್ದು ಅಲ್ಲಿನ ಕಾಲುದಾರಿಯ ಅಚ್ಚುಕಟ್ಟನ್ನು: ಮೆಟ್ಟಿಲು ಜಾರುವುದಿಲ್ಲ, ಕೈಪಿಡಿ ಅಲುಗುವುದಿಲ್ಲ, ಒಂದು ಪ್ಲಾಸ್ಟಿಕ್ ಲೋಟ ಕಣ್ಣಿಗೆ ಬೀಳಲಿಲ್ಲ.

ಮರಳಿನ ಕಡಲತೀರ ಬೇಕೆನ್ನುವವರು ಬೇರೆ ಊರು ನೋಡಿಕೊಳ್ಳುವುದು ಮೇಲು. ಇಲ್ಲಿನ ದಡವೆಲ್ಲ ಲಾವಾದ ಕಪ್ಪು ಬಂಡೆ, ಅಲ್ಲಲ್ಲಿ ಒಂದು ಚಾಪೆಯಷ್ಟು ಕರಿಮರಳು. ಹಸಿರಾಮೆಗಳು ಬಂಡೆಯ ನಡುವೆ ಪಾಚಿ ಮೇಯುತ್ತ ತಲೆಯೆತ್ತುವುದನ್ನು ಮಾತ್ರ ಗಂಟೆಗಟ್ಟಲೆ ನೋಡಬಹುದು. ಅವುಗಳಿಂದ ಹತ್ತು ಅಡಿ ದೂರವಿರಬೇಕೆಂದು ಸೂಚಿಸುತ್ತಾರೆ.

ಇಷ್ಟಕ್ಕೂ ಹಿಲೊದಲ್ಲಿ ಮನಸ್ಸಿನಲ್ಲಿ ಉಳಿಯುವಂಥದ್ದು ಅಲ್ಲಿ ಇಲ್ಲದಿರುವ ಕಟ್ಟಡಗಳು. ಕಡಲೆದುರಿನ ಅಷ್ಟು ಬೆಲೆಬಾಳುವ ಜಾಗದಲ್ಲಿ ಹುಲ್ಲು, ತೆಂಗು, ಆಟದ ಬಯಲು ಬಿಟ್ಟರೆ ಹೆಚ್ಚೇನೂ ಇಲ್ಲ. 1946ರ ಏಪ್ರಿಲ್ 1ರಂದು ಅಲೂಷಿಯನ್ ದ್ವೀಪಗಳ ಬಳಿಯ ಭೂಕಂಪದಿಂದ ಎದ್ದ ಸುನಾಮಿ ಇಲ್ಲಿನ ‘ಶಿನ್ಮಾಚಿ’ ಎಂಬ ಜಪಾನೀ ಕೇರಿಯನ್ನು ಕೊಚ್ಚಿಕೊಂಡು ಹೋಯಿತು. ಕಬ್ಬಿನ ತೋಟಗಳ ಕೂಲಿಗೆ ಬಂದವರ ವಂಶದವರ ಆ ಕೇರಿಯ ಹೆಸರಿನ ಅರ್ಥ ‘ಹೊಸ ಊರು’. 1960ರ ಮೇ ತಿಂಗಳಲ್ಲಿ ಚಿಲಿ ದೇಶದ ಭೂಕಂಪದ ಅಲೆ ಸುಮಾರು ಹದಿನೈದು ಗಂಟೆ ಸಾಗರ ದಾಟಿ ಬಂದು, ಸೈರನ್ ಮೊಳಗಿದ್ದರೂ ಹಿಲೊದಲ್ಲಿ 61 ಜನರನ್ನು ಬಲಿ ತೆಗೆದುಕೊಂಡಿತು. ವಾಯಾಕೆಯಾ ಬಡಾವಣೆಯ ರಸ್ತೆಬದಿಯಲ್ಲಿ ಹಸಿರು ಕಂಬದ ಒಂದು ಗಡಿಯಾರ ಅಂದಿನ ಮಧ್ಯರಾತ್ರಿ ಕಳೆದ 1 ಗಂಟೆ 4 ನಿಮಿಷಕ್ಕೇ ನಿಂತಿದೆ. ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ. ಆಮೇಲೆ ಆ ತಗ್ಗಿನ ಬಹುಭಾಗದಲ್ಲಿ ಮನೆ ಕಟ್ಟಲು ಬಿಡದೆ ಬಯಲಾಗಿ ಉಳಿಸಿಕೊಂಡರು.

ಪೇಟೆಯ ಹಳೆಯ ಬ್ಯಾಂಕ್ ಕಟ್ಟಡದಲ್ಲಿರುವ ಸುನಾಮಿ ಸಂಗ್ರಹಾಲಯದಲ್ಲಿ ಬದುಕುಳಿದವರ ಮಾತುಗಳೇ ಮುಖ್ಯ ವಸ್ತು. ಹೊರಡುವ ಮೊದಲು ಅದು ತೆರೆದಿರುವುದನ್ನು ಖಚಿತಪಡಿಸಿಕೊಳ್ಳಿ. ಅಲ್ಲಿನ ಹಳೆಯ ಕೇರಿಯ ಚಿತ್ರಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಲಿಂಗನಮಕ್ಕಿ ಹಿನ್ನೀರಿನಡಿಯ ನಮ್ಮ ನೆಂಟರ ಊರು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅಡಿಪಾಯದ ಕಲ್ಲು ತೋರಿಸಿ “ಇಲ್ಲಿ ಅಡುಗೆಮನೆ ಇತ್ತು” ಎನ್ನುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅಲ್ಲಿ ನೀರು ಬಂದು ಹೋಯಿತು, ಇಲ್ಲಿ ಬಂದದ್ದು ನಿಂತಿತು.

ಪಕ್ಕದ ಲಿಲಿಯುಓಕಲಾನಿ ಉದ್ಯಾನ, ಕಾಲುಸೇತುವೆ ದಾಟಿ ಸೇರುವ ಮೊಕು ಓಲಾ ನಡುಗಡ್ಡೆ ಸಂಜೆಯ ವಿಹಾರಕ್ಕೆ ಸಾಕು. ಗ್ರಂಥಾಲಯದ ಮುಂದಿರುವ ನಾಹಾ ಕಲ್ಲನ್ನೂ ನೋಡಿ: ದ್ವೀಪಗಳನ್ನೆಲ್ಲ ಒಂದುಗೂಡಿಸಿದ ಕಾಮೆಹಾಮೆಹಾ ದೊರೆ ಹುಡುಗನಾಗಿದ್ದಾಗ ಇದನ್ನು ಕದಲಿಸಿದನಂತೆ. ನಮ್ಮೂರ ದೇವಸ್ಥಾನದ ಗುಂಡುಕಲ್ಲಿನ ಕಥೆಗಳು ಇದರ ಮುಂದೆ ಸ್ವಲ್ಪ ಸಪ್ಪೆಯಾದವು. ಕಿಲಾವೆಯಾ ಜ್ವಾಲಾಮುಖಿಯ ರಾಷ್ಟ್ರೀಯ ಉದ್ಯಾನ 48 ಕಿಲೋಮೀಟರ್ ದೂರ. ಅದಕ್ಕೆ ಒಂದು ಪೂರ್ತಿ ದಿನ ಬೇಕು, ಸ್ವೆಟರ್ ಬೇಕು. ಈಸ್ಟರ್ ನಂತರದ ವಾರ ಹುಲಾ ನೃತ್ಯದ ದೊಡ್ಡ ಉತ್ಸವ ನಡೆಯುವುದರಿಂದ ಕೋಣೆ ಸಿಗುವುದು ದುರ್ಲಭ.

ನಾವಿದ್ದ ವಸತಿಗೃಹದ ಬಗ್ಗೆ ಒಂದು ದೂರಿದೆ. ಹಾಸಿಗೆಗೆ ಮುಗ್ಗಲು ವಾಸನೆ, ಒಗೆದ ಬಟ್ಟೆ ಒಣಗಿಸಲು ಒಂದು ಹಗ್ಗವೂ ಇಲ್ಲ. ನಮ್ಮ ಮನೆಯಲ್ಲಾದರೆ ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದರೆ ಬೆಳಗಾಗುವುದರೊಳಗೆ ಬೆಚ್ಚಗಿರುತ್ತಿತ್ತು; ಮಳೆಯೂರಿನಲ್ಲಿ ವಸತಿ ನಡೆಸುವವರಿಗೆ ಇಷ್ಟೂ ಹೊಳೆಯದಿದ್ದುದು ಆಶ್ಚರ್ಯ. ಅವರು ಮರೆಯದೆ ಇಟ್ಟಿದ್ದೆಂದರೆ ಕಿವಿಗೆ ತುರುಕಿಕೊಳ್ಳುವ ಬಿರಡೆಗಳನ್ನು. ಪೋರ್ಟೊ ರಿಕೊದಿಂದ ಹೇಗೋ ಬಂದು ಸೇರಿದ, ಹೆಬ್ಬೆರಳ ತುದಿಯಷ್ಟಿರುವ ಕೊಕೀ ಕಪ್ಪೆಗಳು ಕತ್ತಲಾದೊಡನೆ “ಕೊ-ಕೀ, ಕೊ-ಕೀ” ಎಂದು ಶುರುಮಾಡಿದರೆ ಬೆಳಗಿನವರೆಗೂ ಬಿಡುವುದಿಲ್ಲ. ಹೆಂಡತಿ, “ಪುನರ್ವಸುವಿನಲ್ಲಿ ಗದ್ದೆಬದಿ ಮನೆಯಲ್ಲಿ ಮಲಗಿದವರಿಗೆ ಇದೆಂಥದು” ಎಂದು ಬಿರಡೆಗಳನ್ನು ಪಕ್ಕಕ್ಕಿಟ್ಟು ನಿದ್ದೆಹೋದಳು. ನಾನು ಹನ್ನೊಂದರವರೆಗೆ ತಡೆದುಕೊಂಡು, ಆಮೇಲೆ ದೀಪ ಹಾಕದೆಯೇ ಅವುಗಳನ್ನು ಹುಡುಕಿ ತೆಗೆದುಕೊಂಡೆ.