ಅಂಚೆಯಲ್ಲಿ ಬರುವ ಎಸ್ಕೇಪ್ ರೂಮ್ ಲಕೋಟೆ: ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ 11 ವರ್ಷದ ಮಗಳು ಆಟದ ಲಕೋಟೆಯಲ್ಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಳು. ತೆರೆದುಕೊಂಡಿದ್ದು ಜೂಜಿನ ಸೈಟು.

ನಾವಿರುವುದು ಇಂಗ್ಲೆಂಡಿನಲ್ಲಿ. ಎಸ್ಕೇಪ್ ರೂಮ್ ಆಡಿದವರಿಗೆ ಗೊತ್ತು, ನಾಲ್ಕೈದು ಜನ ಒಂದು ಕೋಣೆಯೊಳಗೆ ಹೋಗಿ, ಅಲ್ಲಿರುವ ಒಗಟುಗಳನ್ನು ಬಿಡಿಸಿ, ಬೀಗ ತೆಗೆದು, ಸಾಮಾನ್ಯವಾಗಿ 60 ನಿಮಿಷದೊಳಗೆ ಹೊರಗೆ ಬರಬೇಕು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಇಲ್ಲಿನ ರೂಮುಗಳೆಲ್ಲ ಮುಚ್ಚಿದವು. ಆಗ ಎಷ್ಟೋ ಮಾಲೀಕರು ಒಗಟುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಅಂಚೆಯಲ್ಲಿ ಮನೆಗಳಿಗೆ ಕಳಿಸಲು ಶುರು ಮಾಡಿದರು. ಅವುಗಳಲ್ಲಿ ನಿಜಕ್ಕೂ ಚೆನ್ನಾಗಿರುವವು ಇವೆ. ನಾವೇ ಎರಡು ಆಡಿ ಖುಷಿಪಟ್ಟಿದ್ದೆವು. ಆ ನಂಬಿಕೆಯಿಂದಲೇ ಮೂರನೆಯದನ್ನು ತರಿಸಿದ್ದು.

ಮೈಸೂರಿನಿಂದ ಅಪ್ಪ ಬಂದಿದ್ದರು. ಬೆಳಿಗ್ಗೆ ಕಾಫಿ ಜೊತೆ ಪದಬಂಧ ಬಿಡಿಸದೆ ಅವರಿಗೆ ದಿನ ಶುರುವಾಗುವುದಿಲ್ಲ. ತಾತ, ಮೊಮ್ಮಗಳು ಕೂತು ಆಡುವಂಥದ್ದು ಏನಾದರೂ ಇದೆಯಾ ಎಂದು ಹುಡುಕುವಾಗ ಇದು ಸಿಕ್ಕಿತು. ಲಕೋಟೆ, ರೂಮ್ ಎರಡೂ ಸೇರಿ ಒಂದೇ ಬೆಲೆ, 138 ಪೌಂಡ್. ಲಕೋಟೆ ಮೊದಲು ಮನೆಗೆ ಬರುತ್ತದೆ. ಅದರ ಒಗಟುಗಳನ್ನು ಬಿಡಿಸಿದರೆ ನಾಲ್ಕಂಕಿಯ ಸಂಖ್ಯೆ ಸಿಗುತ್ತದೆ. ಅದನ್ನು ಬರೆದುಕೊಂಡು ರೂಮಿಗೆ ಹೋದರೆ ಅಲ್ಲೊಂದು ಮರದ ಪೆಟ್ಟಿಗೆ ತೆರೆಯುತ್ತದೆ, ಕಥೆಯ ಕೊನೆ ಅದರೊಳಗಿರುತ್ತದೆ ಎಂದು ಬರೆದಿದ್ದರು.

ಮೊದಲ ಎರಡು ಸಂಜೆ ಎಷ್ಟು ಚೆನ್ನಾಗಿತ್ತು! ಹಳೇ ಕಾಲದ ಪತ್ರ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ಒಂದು ಪೋಸ್ಟ್‌ಕಾರ್ಡ್, ಕತ್ತರಿಸಿ ಮಡಿಸಬೇಕಾದ ಎರಡು ಹಾಳೆ. ಪೋಸ್ಟ್‌ಕಾರ್ಡಿನಲ್ಲಿ ಅಕ್ಷರಗಳ ಬದಲು ಬರೀ ಗೆರೆ, ಮೂಲೆ, ಚುಕ್ಕಿ. ಇದು ಪಿಗ್‌ಪೆನ್ ಎನ್ನುವ ಗುಪ್ತಲಿಪಿ ಎಂದು ಮಗಳು ತಾತನಿಗೆ ಹೇಳಿಕೊಟ್ಟಳು. ಪತ್ರದ ಕೊನೆಯ ಸಾಲು ಯಾರಿಗೂ ಅರ್ಥವಾಗಲಿಲ್ಲ. ಒಂದೊಂದು ಅಕ್ಷರವನ್ನೂ ವರ್ಣಮಾಲೆಯಲ್ಲಿ ಮೂರು ಮನೆ ಹಿಂದಕ್ಕೆ ಸರಿಸಿ ನೋಡಿದ್ದು ಅಪ್ಪ. ತಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ದುಂಡಗೆ ಬರೆದಿಟ್ಟುಕೊಂಡಿದ್ದರು.

ಮೂರನೆಯ ಸಂಜೆ ಒಂದು ಧ್ವನಿಮುದ್ರಣ ಕೇಳಬೇಕಿತ್ತು. ಅದಕ್ಕೆ ಹಾಳೆಯ ಮೂಲೆಯಲ್ಲಿ ಕ್ಯೂಆರ್ ಕೋಡ್. ನಾನು ಅಡುಗೆಮನೆಯಲ್ಲಿದ್ದೆ. "ಅಮ್ಮಾ, ಇದು ಕಾರ್ಡ್ ನಂಬರ್ ಕೇಳ್ತಿದೆ, ಹಾಕ್ಲಾ?" ಎಂದಳು. ಎದೆ ಧಸಕ್ ಎಂದಿತು. ಓಡಿ ಹೋಗಿ ಫೋನ್ ಕಿತ್ತುಕೊಂಡೆ. ಪರದೆ ತುಂಬ ತಿರುಗುವ ಚಕ್ರ, ನಾಣ್ಯ, ಈಗಲೇ ಸೇರಿ ಎಂಬ ಬಟನ್. ಪಾಪ, ಅವಳು ಅದನ್ನೂ ಒಗಟಿನ ಭಾಗ ಎಂದುಕೊಂಡಿದ್ದಳು. ಅವಳದು ಏನೂ ತಪ್ಪಿಲ್ಲ. ಆಟವೇ ಹಾಗೆ ಹೇಳಿತ್ತು, ಅಲ್ವಾ?

ಕೋಡಿನ ಕೆಳಗೆ ಅಚ್ಚಾಗಿದ್ದ ವಿಳಾಸವನ್ನು ನಾನೇ ಟೈಪ್ ಮಾಡಿ ನೋಡಿದೆ. ಅದೇ ಸೈಟು. ವೆಬ್ ವಿಳಾಸಕ್ಕೆ ಇಂತಿಷ್ಟು ವರ್ಷ ಎಂದು ದುಡ್ಡು ಕಟ್ಟಿರುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ಕಟ್ಟದಿದ್ದರೆ ಅದು ಬಿಟ್ಟುಹೋಗುತ್ತದೆ, ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಹೀಗೆ ಕೈಬಿಟ್ಟ ವಿಳಾಸಗಳನ್ನು ಜೂಜಿನವರು, ಮೋಸ ಮಾಡುವವರು ಹುಡುಕಿ ಕೊಳ್ಳುತ್ತಾರೆ. ಆದರೆ ಅಚ್ಚಾದ ಕಾಗದದಲ್ಲಿ ಹಳೇ ವಿಳಾಸ ಹಾಗೇ ಇರುತ್ತದೆ. ನಮಗೆ ಬಂದ ಲಕೋಟೆಯ ಹಿಂದೆ ಸಣ್ಣಕ್ಷರದಲ್ಲಿ 2020 ಎಂದಿತ್ತು. ಅದನ್ನು ಮೊದಲೇ ನೋಡಬೇಕಿತ್ತು.

ಆ ಸಂಸ್ಥೆಗೆ ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು: ಲಕೋಟೆ ತೆರೆದಿದ್ದೀರಿ, ಹಾಳೆ ಕತ್ತರಿಸಿದ್ದೀರಿ, ಹಣ ವಾಪಸ್ ಬರುವುದಿಲ್ಲ. ಕತ್ತರಿಸಿ ಎಂದು ಹಾಳೆಯ ಮೇಲೆ ಬರೆದವರು ಅವರೇ. ಧ್ವನಿಮುದ್ರಣವನ್ನಾದರೂ ಕಳಿಸಿ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ. ಒಂದು ಮಗು ಜೂಜಿನ ಸೈಟಿಗೆ ಹೋಗಿದೆ ಎಂಬುದರ ಬಗ್ಗೆ ಒಂದು ಮಾತೂ ಇಲ್ಲ.

ರೂಮಿಗೆ ಹೋಗುವ ದಿನ ಮೊದಲೇ ನಿಗದಿಯಾಗಿತ್ತು. ತಾತ ಊರಿಗೆ ಹೋಗುವುದರೊಳಗೆ ಹೋಗೋಣ ಎಂದು ಮಗಳ ಆಸೆ. ಎರಡು ಗಂಟೆ ಕಾರಿನಲ್ಲಿ ಹೋದೆವು. ಮೂರು ಅಂಕಿ ಸಿಕ್ಕಿತ್ತು, ನಾಲ್ಕನೆಯದಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಹಾಕಿ ನೋಡಿದರಾಯಿತು ಎಂದು ಅಪ್ಪ ಸಿದ್ಧವಾಗಿ ಬಂದಿದ್ದರು. ಬಾಗಿಲಲ್ಲಿದ್ದ ಹುಡುಗ ನೋಟ್‌ಬುಕ್ ನೋಡಿ, "ಆ ಪೆಟ್ಟಿಗೆ ತೆಗೆದುಬಿಟ್ಟಿದ್ದಾರೆ, ಈಗ ಇಲ್ಲಿರೋದು ಬೇರೆ ಕಥೆ" ಎಂದ. ಅಪ್ಪ ಏನೂ ಹೇಳದೆ ನೋಟ್‌ಬುಕ್ಕನ್ನು ಚೀಲದೊಳಗೆ ಇಟ್ಟುಕೊಂಡರು. ನನಗೆ ಅಳು ಬಂದದ್ದು ಆಗ.

ಇನ್ನು ದುಡ್ಡಿನ ವಿಷಯ. ಮನಸ್ಸು ಬದಲಾಯಿತು ಎಂದು ವಾಪಸ್ ಕೊಡುವುದು ಬೇರೆ, ಮಾಲೇ ಸರಿಯಿಲ್ಲ ಎಂದು ವಾಪಸ್ ಕೊಡುವುದು ಬೇರೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾನೂನಿನ ಪ್ರಕಾರ, ಕೆಟ್ಟ ಮಾಲನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ದೋಷ ಇದೆ ಎಂದು ಗೊತ್ತಾಗುವುದೇ ಲಕೋಟೆ ತೆರೆದ ಮೇಲೆ. ಹಾಗಾಗಿ ತೆರೆದಿದ್ದೀರಿ ಎಂಬ ಮಾತಿಗೆ ಹೆದರಿ ಸುಮ್ಮನಾಗಬೇಡಿ. ನಾನು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದೆ. 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್‌ವರೆಗಿನ ಖರೀದಿಗೆ 1974ರ ಗ್ರಾಹಕ ಸಾಲ ಕಾನೂನಿನ 75ನೇ ಸೆಕ್ಷನ್ ಅಡಿ ಮಾರಿದವರ ಜೊತೆ ಕಾರ್ಡ್ ಕೊಟ್ಟ ಬ್ಯಾಂಕೂ ಹೊಣೆ. ಹಾಳೆಗಳ ಫೋಟೋ, ಜೂಜಿನ ಪುಟದ ಸ್ಕ್ರೀನ್‌ಶಾಟ್, ಆಟದ ಸಂಸ್ಥೆಯವರ ಇಮೇಲ್, ಎಲ್ಲ ಬ್ಯಾಂಕಿಗೆ ಕಳಿಸಿದೆ. ಐದು ವಾರದ ಮೇಲೆ ಲಕೋಟೆಯ ಪಾಲಿನ ಹಣ ಬಂತು. ಭಾರತದಲ್ಲಿ ತರಿಸಿದವರಿಗೆ ಹೀಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ತರಿಸುವ ಮುಂಚೆ ಆಟಕ್ಕೆ ಇಂಟರ್ನೆಟ್ ಬೇಕಾ ಎಂದು ಕೇಳಿ. ಬೇಕು ಎಂದರೆ ಆ ಪುಟ ಈಗಲೂ ಇದೆಯಾ, ರೂಮಿನಲ್ಲಿ ಅದೇ ಕಥೆ ನಡೆಯುತ್ತಿದೆಯಾ ಎಂದು ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಕತ್ತರಿ ಹಾಕುವ ಮುಂಚೆ ಪ್ರತಿ ಹಾಳೆಯ ಫೋಟೋ ತೆಗೆಯಿರಿ. ಕೋಡನ್ನು ಮೊದಲು ದೊಡ್ಡವರೇ ಸ್ಕ್ಯಾನ್ ಮಾಡಿ. ಹೆಚ್ಚಿನ ಫೋನುಗಳು ಪುಟ ತೆರೆಯುವ ಮುಂಚೆ ವಿಳಾಸ ತೋರಿಸುತ್ತವೆ. ಆದರೆ ವಿಳಾಸ ಸರಿಯಿದೆ ಎಂದಷ್ಟೇ ನಂಬಬೇಡಿ, ನಮ್ಮದರಲ್ಲಿ ವಿಳಾಸ ಸರಿಯಾಗಿಯೇ ಇತ್ತು. ತೆರೆದು, ಒಳಗೆ ಏನಿದೆ ನೋಡಿ, ಆಮೇಲೆ ಮಕ್ಕಳಿಗೆ ಕೊಡಿ.

ನಿನ್ನೆ ರಾತ್ರಿ ಮತ್ತೆ ಅವರ ಪುಟ ನೋಡಿದೆ. ಅದೇ ಲಕೋಟೆ, ಅದೇ ಪೆಟ್ಟಿಗೆಯ ಚಿತ್ರ, ಈಗಲೂ ಮಾರುತ್ತಿದ್ದಾರೆ.