ಜಿಸಿಸಿ, 11 ವರ್ಷದ ಬಳಕೆಯ ನಂತರ: ಈ ಹೆಡರ್ ಎಲ್ಲಿಂದ ಬಂತು?

ಲಿನಕ್ಸ್‌ನಲ್ಲಿ 11 ವರ್ಷದಿಂದ ಸಿ, ಸಿ++ ಕಂಪೈಲರ್ ಆದ ಜಿಸಿಸಿಯನ್ನೇ ಬಳಸುತ್ತಿದ್ದೇನೆ. ನನ್ನ ನಿದ್ದೆ ಹೆಚ್ಚು ಕೆಡಿಸಿದ್ದು ಅದು ಹೆಡರ್ (ಪ್ರೋಗ್ರಾಂ ಒಳಗೆ ಸೇರಿಸಿಕೊಳ್ಳುವ ಘೋಷಣೆಗಳ ಫೈಲ್) ಹುಡುಕುವ ಕ್ರಮ, ಹಾಗಾಗಿ ಅದೊಂದರ ಬಗ್ಗೆಯೇ ಬರೆಯುತ್ತೇನೆ. 5ಕ್ಕೆ 4 ಅಂಕ.

ಒಮ್ಮೆ ಚಿತ್ರ ಓದುವ ಪ್ರೋಗ್ರಾಂ ಎಚ್ಚರಿಕೆಯೊಂದೂ ಇಲ್ಲದೆ ಕಂಪೈಲ್ ಆಯಿತು, ಲಿಂಕ್ ಕೂಡ ಆಯಿತು. ಓಡಿಸಿದರೆ, ಪಿಎನ್‌ಜಿ ಚಿತ್ರ ಓದುವ ಲೈಬ್ರರಿಯಾದ ಲಿಬ್‌ಪಿಎನ್‌ಜಿಯ 1.2ಕ್ಕೆ ಕಟ್ಟಿದ ಪ್ರೋಗ್ರಾಂ 1.6ರ ಜೊತೆ ಓಡುತ್ತಿದೆ ಎಂಬ ದೂರು. ಹಿಂದೆ ಸೋರ್ಸ್‌ನಿಂದ ಹಾಕಿದ್ದ ಲೈಬ್ರರಿಯನ್ನು ಅಳಿಸಿದ್ದೆ, ಹೆಡರ್ ಮಾತ್ರ /ಯುಎಸ್‌ಆರ್/ಲೋಕಲ್/ಇನ್‌ಕ್ಲೂಡ್‌ನಲ್ಲಿ ಉಳಿದುಬಿಟ್ಟಿತ್ತು. ಜಿಸಿಸಿ ಸಾಮಾನ್ಯವಾಗಿ /ಯುಎಸ್‌ಆರ್/ಇನ್‌ಕ್ಲೂಡ್‌ಗಿಂತ ಮೊದಲು ಅಲ್ಲೇ ನೋಡುತ್ತದೆ. ದೊಡ್ಡಕ್ಷರದ -ಎಚ್ ಕೊಟ್ಟು ಕಂಪೈಲ್ ಮಾಡಿದಾಗ, ಒಳಗೆ ಸೇರಿದ ಪ್ರತಿ ಹೆಡರಿನ ಪೂರ್ತಿ ಪಾತ್ ಸಾಲುಸಾಲಾಗಿ ಬಂತು. ಸಾಲಿನ ಆರಂಭದ ಚುಕ್ಕಿಗಳನ್ನು ಎಣಿಸಿದರೆ ಅದು ಎಷ್ಟು ಆಳದಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಎರಡು ದಿನ ಹುಡುಕಿದ್ದು ಎರಡು ನಿಮಿಷಕ್ಕೆ ಸಿಕ್ಕಿತು.

ಇದಕ್ಕಿಂತ ಕಷ್ಟದ್ದು 2016ರಲ್ಲಿ ಬಂದ ಜಿಸಿಸಿ 6ರ ಕಾಲದ್ದು. ಸಿ++ ಬಿಲ್ಡ್ ಮಾಡಿದರೆ 'ಎಸ್‌ಟಿಡಿಲಿಬ್.ಎಚ್ ಇಲ್ಲ' ಎನ್ನುತ್ತಿತ್ತು. ಫೈಲ್ ಕಣ್ಣೆದುರೇ ಇದೆ! ಹೊರಗಿನ ಹೆಡರ್‌ಗಳ ವಾರ್ನಿಂಗ್ ಬರದಿರಲೆಂದು ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಯಾರೋ /ಯುಎಸ್‌ಆರ್/ಇನ್‌ಕ್ಲೂಡ್ ಅನ್ನು -ಐಸಿಸ್ಟಮ್ (ಸಿಸ್ಟಮ್ ಡೈರೆಕ್ಟರಿ ಎಂದು ಗುರುತಿಸುವ ಆಯ್ಕೆ) ಮೂಲಕ ಕೊಟ್ಟಿದ್ದರು. ಅದರಿಂದ ಆ ಡೈರೆಕ್ಟರಿ ಸಿ++ ಹೆಡರ್‌ಗಳಿಗಿಂತ ಮೇಲಕ್ಕೆ ಹೋಗಿತ್ತು. ಸಿ++ನ ಹೆಡರ್ 'ಇನ್‌ಕ್ಲೂಡ್ ನೆಕ್ಸ್ಟ್' ಎಂದು ತನ್ನ ನಂತರದ ಡೈರೆಕ್ಟರಿಗಳಲ್ಲಿ ಮಾತ್ರ ಹುಡುಕುತ್ತದೆ, ಹಿಂದಕ್ಕೆ ತಿರುಗಿ ನೋಡುವುದಿಲ್ಲ. ಆ ಒಂದು ಆಯ್ಕೆ ತೆಗೆದೆ, ಬಿಲ್ಡ್ ಆಯಿತು. ಅದೇ ಡೈರೆಕ್ಟರಿಯನ್ನು ದೊಡ್ಡಕ್ಷರದ -ಐ (ಹುಡುಕುವ ಡೈರೆಕ್ಟರಿ ಸೇರಿಸುವ ಸಾಮಾನ್ಯ ಆಯ್ಕೆ) ಎಂದು ಕೊಟ್ಟಿದ್ದರೆ, ಅದು ಆಗಲೇ ಸಿಸ್ಟಮ್ ಪಟ್ಟಿಯಲ್ಲಿ ಇರುವುದರಿಂದ ಜಿಸಿಸಿ ಕಡೆಗಣಿಸುತ್ತಿತ್ತು, ಕ್ರಮ ಕೆಡುತ್ತಿರಲಿಲ್ಲ.

ಒಂದು ಅಂಕ ಕಳೆದದ್ದು ಇದಕ್ಕೇ: ಯಾವುದನ್ನು ಬಿಟ್ಟೆ, ಯಾವುದನ್ನು ಮೇಲೆ ತಂದೆ ಎಂಬುದನ್ನು ಜಿಸಿಸಿ ತಾನಾಗಿ ಹೇಳುವುದಿಲ್ಲ. -ವಿ ಕೊಟ್ಟು ಕೇಳಿದರೆ ಮಾತ್ರ ಹುಡುಕುವ ಪಟ್ಟಿಯನ್ನು ಕ್ರಮವಾಗಿ ತೋರಿಸುತ್ತದೆ, ಕೈಬಿಟ್ಟ ಡೈರೆಕ್ಟರಿಗಳನ್ನೂ ಹೇಳುತ್ತದೆ. ಹೊಸಬರಿಗೆ ಇದು ಗೊತ್ತಾಗುವುದಾದರೂ ಹೇಗೆ?

ಹೆಡರ್ ಹುಡುಕುವ ಡೈರೆಕ್ಟರಿಗಳನ್ನು ಸೇರಿಸುವ ಸಿಪಾತ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಬಗ್ಗೆಯೂ ಎಚ್ಚರವಿರಲಿ. ಖಾಲಿ ಇರುವ ಸಿಪಾತ್‌ಗೆ ಹಳೇ ಮೌಲ್ಯ, ಕೋಲನ್, ಹೊಸ ಡೈರೆಕ್ಟರಿ ಎಂದು ಸೇರಿಸಿದರೆ ಕೋಲನ್‌ಗಿಂತ ಮೊದಲಿನ ಖಾಲಿ ಜಾಗಕ್ಕೆ 'ಈಗಿರುವ ಡೈರೆಕ್ಟರಿ' ಎಂದು ಅರ್ಥ. ಅಲ್ಲಿ ನಿಮ್ಮದೇ ಟೈಮ್.ಎಚ್ ಇದ್ದರೆ ಸಿಸ್ಟಮ್ಮಿನದರ ಬದಲು ಅದೇ ಒಳಗೆ ಬರುತ್ತದೆ.

ಬಿಲ್ಡ್ ಫೈಲ್‌ಗಳನ್ನು ತಯಾರಿಸುವ ಸಿಮೇಕ್ ಬಳಸುವವರು ಮೊದಲು ಮೇಕ್‌ಗೆ ವರ್ಬೋಸ್=1 ಕೊಟ್ಟು ನಿಜವಾಗಿ ಓಡುವ ಕಮಾಂಡ್ ತೆಗೆಯಿರಿ. ಅದನ್ನೇ ಕಾಪಿ ಮಾಡಿ ಕೊನೆಗೆ -ವಿ ಸೇರಿಸಿ ಓಡಿಸಿ. ಬರಿಯ ಜಿಸಿಸಿ -ವಿ ಓಡಿಸಿದರೆ ನಿಮ್ಮ ಪ್ರಾಜೆಕ್ಟಿನ ಪಾತ್‌ಗಳು ಅದರಲ್ಲಿ ಕಾಣುವುದಿಲ್ಲ.